‘ಅವಿರೋಧ ಆಯ್ಕೆ’ ಆದಮೇಲೂ ಮಾತು ಯಾಕೆ ಬಿಡ್ತಾರೆ?

ಜೂನ್ ಕೊನೆ, ಜುಲೈ ಶುರುವಿನಲ್ಲಿ ತುಮಕೂರಿನ ಯಾವ ಸ್ಥಳೀಯ ಪತ್ರಿಕೆ ತೆಗೆದರೂ ಒಂದು ಫೋಟೊ ಇರುತ್ತದೆ. ಹತ್ತು ಹನ್ನೆರಡು ಹೆಂಗಸರು, ಎಲ್ಲರದ್ದೂ ಒಂದೇ ಬಣ್ಣದ ಸೀರೆ, ನಡುವೆ ನಿಂತವರ ಕೊರಳಲ್ಲಿ ಹಾರ. ಕೆಳಗೆ ಎರಡು ಸಾಲು. ಮಹಿಳಾ ಸಂಘದ ಅಧ್ಯಕ್ಷರಾಗಿ ಇಂಥವರು, ಕಾರ್ಯದರ್ಶಿಯಾಗಿ ಇಂಥವರು ಅವಿರೋಧವಾಗಿ ಆಯ್ಕೆಯಾಗಿದ್ದಾರೆ.

ಅಂಥ ಫೋಟೊದಲ್ಲಿ ನಾನೂ ಎರಡು ಸಲ ನಿಂತಿದ್ದೇನೆ. ಎಡಗಡೆಯಿಂದ ಮೂರನೆಯವಳು. ಎರಡನೇ ಸಲ ಫೋಟೊ ತೆಗೆಯುವ ಹೊತ್ತಿಗೆ ಬಲಗಡೆ ನಿಂತಿದ್ದ ಇಬ್ಬರು ಮಾತು ಬಿಟ್ಟು ಮೂರು ವಾರ ಆಗಿತ್ತು. ಫೋಟೊಗ್ರಾಫರ್ ಪಾಪ, "ಮೇಡಂ, ಸ್ವಲ್ಪ ಹತ್ತಿರ ಬನ್ನಿ" ಅಂತ ನಾಲ್ಕು ಸಲ ಹೇಳಿದ. ಹತ್ತಿರ ಬರಲಿಲ್ಲ. ಆ ಸಂದಿ ಪತ್ರಿಕೆಯಲ್ಲೂ ಕಾಣುತ್ತಿತ್ತು.

ನಮ್ಮ ಸಂಘದ ಹೆಸರು ಇಲ್ಲಿ ಬೇಡ. ಇಂಥ ಸಂಘಗಳು ಊರ ತುಂಬ ಇವೆ. ಸರ್ಕಾರಿ ಶಾಲೆ ಮಕ್ಕಳಿಗೆ ನೋಟ್‌ಬುಕ್, ಬಾಣಂತಿಯರಿಗೆ ಕಿಟ್, ಕಣ್ಣಿನ ತಪಾಸಣೆ ಶಿಬಿರ, ದಸರಾಕ್ಕೆ ಗೊಂಬೆ ಕೂರಿಸುವ ಸ್ಪರ್ಧೆ, ನವೆಂಬರಿನಲ್ಲಿ ರಾಜ್ಯೋತ್ಸವ. ವರ್ಷಪೂರ್ತಿ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಮೇ ತಿಂಗಳು ಬಂತೋ, ಮುಂದಿನ ಅಧ್ಯಕ್ಷರು ಯಾರು ಅಂತ ಫೋನುಗಳು ಶುರು, ಜಗಳವೂ ಶುರು.

ಇದಕ್ಕೆ ಊರಿನವರ ಹತ್ತಿರ ಸಿದ್ಧ ಉತ್ತರ ಇದೆ. "ನಾಲ್ಕು ಜನ ಹೆಂಗಸರು ಸೇರಿದರೆ ಜಗಳ ಇಲ್ದೇ ಇರುತ್ತಾ?" ಈ ಮಾತು ಹೇಳುವ ಗಂಡಸರು ತಮ್ಮ ಬಡಾವಣೆಯ ನಿವಾಸಿಗಳ ಸಂಘದ ಚುನಾವಣೆಗೆ ಕೋರ್ಟ್‌ವರೆಗೆ ಹೋಗಿ ಬಂದಿರುತ್ತಾರೆ. ಗೃಹ ನಿರ್ಮಾಣ ಸಹಕಾರ ಸಂಘ, ಜಾತಿ ಸಂಘ, ಕ್ಲಬ್ಬು, ಎಲ್ಲಿ ನೋಡಿದರೂ ಎರಡು ಬಣ. ಅದನ್ನು ಯಾರೂ ಗಂಡಸರ ಜಗಳ ಅನ್ನುವುದಿಲ್ಲ. ರಾಜಕೀಯ ಅನ್ನುತ್ತಾರೆ.

ನನಗೆ ಕಂಡ ಹಾಗೆ ನಮ್ಮ ಸಂಘಗಳು ಕೆಡುವುದು ಚುನಾವಣೆಯಿಂದ ಅಲ್ಲ. ಚುನಾವಣೆ ಆಗಬಾರದು ಅಂತ ಪಡುವ ಪಾಡಿನಿಂದ.

ಅದು ನಡೆಯುವುದು ಹೀಗೆ. ಸರ್ವಸದಸ್ಯರ ಸಭೆಗೆ ಎರಡು ವಾರ ಮುಂಚೆ ಒಬ್ಬ ಮಾಜಿ ಅಧ್ಯಕ್ಷರ ಮನೆಯಲ್ಲಿ ಕಾಫಿ. ಎಸ್‌ಐಟಿ ಬಡಾವಣೆಯೋ ಸೋಮೇಶ್ವರಪುರವೋ, ಹಾಲು ದೊಡ್ಡದಿರುವ ಮನೆ. ಬರುವವರು ಐದಾರು ಜನ, ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಅಧ್ಯಕ್ಷರಾಗಿದ್ದವರು. ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಇವರಿಗೆ ಯಾವ ಅಧಿಕಾರವೂ ಇಲ್ಲ. ಆದರೆ ಚಕ್ಕುಲಿ ತಟ್ಟೆ ಖಾಲಿಯಾಗುವಷ್ಟರಲ್ಲಿ ಮುಂದಿನ ವರ್ಷದ ಅಧ್ಯಕ್ಷರು ಯಾರು ಅಂತ ತೀರ್ಮಾನ ಆಗಿರುತ್ತದೆ. ಆಮೇಲೆ ಇನ್ನೊಬ್ಬರಿಗೆ ಫೋನು ಹೋಗುತ್ತದೆ.

"ಈ ವರ್ಷ ಅವರಿಗೆ ಬಿಟ್ಟುಕೊಡ್ರೀ. ಮಗಳ ಮದುವೆ ಬೇರೆ ಇದೆ ನಿಮ್ಮನೇಲಿ. ಮುಂದಿನ ವರ್ಷ ನಿಮ್ದೇ."

ಆ ಕಡೆಯವರು ಹೂಂ ಅನ್ನುತ್ತಾರೆ. ಬೇರೆ ಏನು ಅನ್ನೋಕಾಗುತ್ತೆ? ಸಭೆಯ ದಿನ ಅವರೇ ಎದ್ದು ನಿಂತು ಸೂಚಕರಾಗುತ್ತಾರೆ, ಇನ್ನೊಬ್ಬರು ಅನುಮೋದಕರು, ಚಪ್ಪಾಳೆ. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಅಂತ ಬರೆಯುತ್ತಾರೆ. ಆ ‘ಮುಂದಿನ ವರ್ಷ ನಿಮ್ದೇ’ ಅನ್ನುವ ಮಾತು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಮುಂದಿನ ವರ್ಷ ಕಾಫಿಗೆ ಸೇರುವ ಐವರಲ್ಲಿ ಇಬ್ಬರು ಬೇರೆ. ಅವರಿಗೆ ಆ ಮಾತು ಗೊತ್ತೇ ಇಲ್ಲ, ಗೊತ್ತಿದ್ದರೂ ನೆನಪಿಲ್ಲ.

ಹಳ್ಳಿ ರಾಜಕೀಯ ನೋಡಿದವರಿಗೆ ಇದು ಹೊಸದಲ್ಲ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆದಮೇಲೆ ಅಧ್ಯಕ್ಷರ ಅವಧಿ 30 ತಿಂಗಳು ಅಂತಾಯಿತು. ಆ 30 ತಿಂಗಳನ್ನೂ ಹತ್ತತ್ತು ತಿಂಗಳು ಅಂತ ಮೂವರು ಬಾಯಿಮಾತಿನಲ್ಲಿ ಹಂಚಿಕೊಳ್ಳುವುದು, ಹತ್ತು ತಿಂಗಳಾದ ಮೇಲೆ ಮೊದಲನೆಯವರು ರಾಜೀನಾಮೆ ಕೊಡದಿರುವುದು, ಆಮೇಲೆ ಅವಿಶ್ವಾಸ ಅನ್ನುವುದು ಎಲ್ಲ ತಾಲ್ಲೂಕಿನಲ್ಲೂ ಕೇಳಿದ ಕತೆ. ಪಂಚಾಯಿತಿಯಲ್ಲಿ ಅವಿಶ್ವಾಸ ಮಂಡಿಸೋಕೆ ಒಂದು ದಾರಿಯಾದರೂ ಇದೆ. ನಮ್ಮ ಸಂಘಗಳಲ್ಲಿ ಇರುವುದು ಮಾತು ಬಿಡುವ ದಾರಿ ಒಂದೇ.

ಮತ ಎಣಿಸಿ ಸೋತರೆ ಸೋತೆ ಅಂತ ಗೊತ್ತಾಗುತ್ತದೆ. ಹದಿನೆಂಟಕ್ಕೆ ಇಪ್ಪತ್ತಾರು. ಬೇಜಾರಾಗುತ್ತೆ, ಮನೆಗೆ ಹೋಗಿ ಎರಡು ದಿನ ಸುಮ್ಮನಿದ್ದು ಮತ್ತೆ ಬರುತ್ತೀರಿ. ಅವಿರೋಧ ಆಯ್ಕೆಯಲ್ಲಿ ಸೋತವರಿಗೆ ತಾವು ಸೋತಿದ್ದೇವಾ, ಬಿಟ್ಟುಕೊಟ್ಟಿದ್ದೇವಾ, ಮೋಸ ಹೋಗಿದ್ದೇವಾ ಅನ್ನುವುದೇ ತಿಳಿಯುವುದಿಲ್ಲ. ತಮ್ಮ ಜೊತೆ ಎಷ್ಟು ಜನ ಇದ್ದರು ಅಂತಲೂ ಗೊತ್ತಿಲ್ಲ. ಮೂವತ್ತು ಜನ ಇದ್ದರು ಅಂತ ಅವರು ನಂಬಬಹುದು. ಮೂರೇ ಜನ ಅಂತ ಎದುರಿನವರು ನಂಬಬಹುದು. ಈ ನಂಬಿಕೆಯ ಮೇಲೆ ಬಣ ಬೆಳೆಯುತ್ತದೆ. ಅರಿಶಿನ ಕುಂಕುಮಕ್ಕೆ ಯಾರನ್ನು ಕರೆದರು, ಯಾರನ್ನು ಬಿಟ್ಟರು ಅನ್ನುವುದರಲ್ಲಿ ಮತ ಎಣಿಕೆ ನಡೆಯುತ್ತದೆ.

ಅಷ್ಟಕ್ಕೂ ಆ ಕುರ್ಚಿಯಲ್ಲಿ ಏನಿದೆ? ಸಂಬಳ ಇಲ್ಲ. ಕೈಯಿಂದಲೇ ಖರ್ಚು ಜಾಸ್ತಿ. ಅತಿಥಿಗಳಿಗೆ ಶಾಲು, ನೆನಪಿನ ಕಾಣಿಕೆ, ಫ್ಲೆಕ್ಸು, ಊಟ, ಎಲ್ಲದರಲ್ಲೂ ಕೊನೆಗೆ ಒಂದಿಷ್ಟು ಅಧ್ಯಕ್ಷರ ತಲೆಗೇ ಬರುತ್ತದೆ. ಒಂದು ವರ್ಷ ಅಧ್ಯಕ್ಷರಾಗಿದ್ದವರೊಬ್ಬರು ನನಗೆ ಹೇಳಿದ್ದು: "ಒಂದು ಎಳೆ ಸರ ಮಾಡಿಸಬಹುದಿತ್ತು ಕಣ್ರೀ ಆ ದುಡ್ಡಲ್ಲಿ." ಹೇಳುವಾಗ ಅವರ ಮುಖದಲ್ಲಿ ಬೇಸರ ಇರಲಿಲ್ಲ.

ಇದನ್ನು ನೋಡಿ ನಗುವವರು ಒಂದು ಮರೆಯುತ್ತಾರೆ. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೈದು ವರ್ಷ ‘ಇಂಜಿನಿಯರ್ ಮನೆಯವರು’ ಆಗಿಯೋ ‘ಡಾಕ್ಟರ್ ಮಿಸೆಸ್’ ಆಗಿಯೋ ಇದ್ದವರಿಗೆ ಆಹ್ವಾನ ಪತ್ರಿಕೆಯಲ್ಲಿ ತಮ್ಮದೇ ಹೆಸರು, ಇನಿಷಿಯಲ್ ಸಮೇತ, ಅಚ್ಚಾಗುವುದು ಸಣ್ಣ ವಿಷಯ ಅಲ್ಲ. ಗುಬ್ಬಿ ವೀರಣ್ಣ ಕಲಾಕ್ಷೇತ್ರದ ವೇದಿಕೆಯಲ್ಲಿ ಮೈಕು ಹಿಡಿದು ನಿಂತಾಗ ಮುಂದಿನ ಸಾಲಿನಲ್ಲಿ ಗಂಡ, ಅತ್ತೆ ಕೂತಿರುತ್ತಾರೆ. ಆ ಹತ್ತು ನಿಮಿಷಕ್ಕೆ ಬೆಲೆ ಕಟ್ಟುವುದು ಹೇಗೆ?

ಗಂಡನ ಹುದ್ದೆಯ ನೆರಳು ಈ ಸಂಘಗಳ ಹುಟ್ಟಿನಲ್ಲೇ ಇದೆ. ಅಧಿಕಾರಿಗಳ ಪತ್ನಿಯರನ್ನು ಮಹಿಳಾ ಸಮಾಜಗಳಿಗೆ ಅಧ್ಯಕ್ಷರನ್ನಾಗಿ ಕೂರಿಸುವ ರೂಢಿ ಎಷ್ಟೋ ಊರುಗಳಲ್ಲಿತ್ತು. ಸಾಹೇಬರಿಗೆ ವರ್ಗ ಆದರೆ ಅಧ್ಯಕ್ಷರಿಗೂ ವರ್ಗ! ಇನ್ನರ್ ವ್ಹೀಲ್ ಅನ್ನುವ ಮಹಿಳಾ ಕ್ಲಬ್ಬು 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಶುರುವಾದದ್ದೇ ರೋಟರಿ ಅನ್ನುವ ಸೇವಾ ಕ್ಲಬ್ಬಿನ ಸದಸ್ಯರ ಮನೆಯ ಹೆಂಗಸರಿಗಾಗಿ. ರೋಟರಿಯೊಳಗೆ ಹೆಂಗಸರಿಗೆ ಬಾಗಿಲು ತೆರೆದದ್ದು 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದಮೇಲೆ. ಈಗ ಕಾಲ ಬದಲಾಗಿದೆ, ನಿಜ. ಆದರೆ ಕಾಫಿ ಮಾತುಕತೆಯಲ್ಲಿ "ಅವರ ಯಜಮಾನರು ಏನ್ಮಾಡ್ತಾರೆ?" ಅನ್ನುವ ಪ್ರಶ್ನೆ ಈಗಲೂ ಬರುತ್ತದೆ. ಮೊದಲನೆಯದಾಗಿಯೇ ಬರುತ್ತದೆ.

ಇನ್ನೊಂದು ಕಾರಣ ಈಚಿನದು. ಕರ್ನಾಟಕದಲ್ಲಿ ಪಂಚಾಯಿತಿ ಸೀಟುಗಳಲ್ಲಿ ಅರ್ಧ ಹೆಂಗಸರಿಗೆ ಮೀಸಲು. ಆದರೆ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ತುಮಕೂರು ಮಹಾನಗರ ಪಾಲಿಕೆಯ 35 ವಾರ್ಡುಗಳಿಗೆ 2018ರಲ್ಲಿ ಚುನಾವಣೆ ಆಯಿತು. ಆ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಟಿಕೆಟ್ ಆಸೆ ಇಟ್ಟುಕೊಂಡು ಕೂತಿರುವ ಹೆಂಗಸರಿಗೆ ಜನರ ಮುಂದೆ ಕಾಣಿಸಿಕೊಳ್ಳೋಕೆ ಒಂದು ಜಾಗ ಬೇಕಲ್ವಾ? ಸಂಘದ ಅಧ್ಯಕ್ಷಗಿರಿ ಆ ಜಾಗ. ವಾರ್ಡಿನಲ್ಲಿ ಆರೋಗ್ಯ ಶಿಬಿರ ಮಾಡಿದರೆ ಸೇವೆಯೂ ಆಯಿತು, ಹೆಸರೂ ಆಯಿತು. ಅದರಲ್ಲಿ ತಪ್ಪೇನೂ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಅಂಥವರು ಒಬ್ಬರು ಬಂದರೆ, ಅವರ ಎದುರು ಪಾರ್ಟಿಯವರು ಇನ್ನೊಬ್ಬರನ್ನು ಅದೇ ಸಂಘಕ್ಕೆ ಸದಸ್ಯರನ್ನಾಗಿ ಸೇರಿಸುತ್ತಾರೆ. ಕಾಫಿ ಕುಡಿದು ಮುಗಿಸುವ ಜಗಳ ಅಲ್ಲ ಅದು.

ಜಗಳ ಎಲ್ಲಿ ನಡೆಯುತ್ತದೆ ಅಂತ ಹೊರಗಿನವರು ಕೇಳಿದರೆ ಸಭೆಯಲ್ಲಿ ಅಂತ ಊಹಿಸುತ್ತಾರೆ. ಸಭೆಯಲ್ಲಿ ಏನೂ ನಡೆಯುವುದಿಲ್ಲ. ನಡೆಯುವುದೆಲ್ಲ ಎರಡು ಪುಸ್ತಕದಲ್ಲಿ. ಒಂದು ಸದಸ್ಯರ ರಿಜಿಸ್ಟರ್, ಇನ್ನೊಂದು ರಸೀದಿ ಪುಸ್ತಕ.

ಸಾಮಾನ್ಯವಾಗಿ ಬೈಲಾದಲ್ಲಿ ವಾರ್ಷಿಕ ಶುಲ್ಕ ಬಾಕಿ ಇದ್ದವರಿಗೆ ಮತ ಇಲ್ಲ ಅಂತ ಇರುತ್ತದೆ. ನ್ಯಾಯವಾದ ನಿಯಮವೇ. ಆದರೆ ರಸೀದಿ ಪುಸ್ತಕ ಖಜಾಂಚಿ ಮನೆಯಲ್ಲಿ. ನಮ್ಮಲ್ಲಿ ಒಂದು ವರ್ಷ ಕೊನೆಯ ದಿನದ ಹಿಂದಿನ ಸಂಜೆ ಐದು ಜನ ಸದಸ್ಯರು ಶುಲ್ಕ ಕಟ್ಟೋಕೆ ಅವರ ಮನೆಗೆ ಹೋದರು. ಬಾಗಿಲಲ್ಲಿ ರಂಗೋಲಿ ಹಸಿಯಾಗಿಯೇ ಇತ್ತು, ಒಳಗೆ ಕುಕ್ಕರ್ ಕೂಗುತ್ತಿತ್ತು. ಸೊಸೆ ಬಂದು, "ಅತ್ತೆ ಊರಲ್ಲಿಲ್ಲ" ಅಂದಳು. ಐದೂ ಜನ ಆ ವರ್ಷ ಬಾಕಿದಾರರಾದರು. ಅದರಲ್ಲಿ ನಾನೊಬ್ಬಳು. ಕೈಯಲ್ಲಿ ಐನೂರರ ನೋಟು ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದು ಇವತ್ತಿಗೂ ನೆನಪಿದೆ.

ಇದರ ತಿರುಗುಮುರುಗು ಆಟವೂ ಇದೆ. ಸಭೆಗೆ ಹತ್ತು ದಿನ ಇರುವಾಗ ಒಂದೇ ಬಡಾವಣೆಯ ಹದಿನಾಲ್ಕು ಜನ ಒಂದೇ ದಿನ ಸದಸ್ಯರಾಗುತ್ತಾರೆ. ಹದಿನಾಲ್ಕೂ ಅರ್ಜಿಯ ಕೈಬರಹ ಒಂದೇ. ಹೊಸ ಸದಸ್ಯರಿಗೆ ಮತ ಹಾಕೋಕೆ ಇಷ್ಟು ತಿಂಗಳು ಆಗಿರಬೇಕು ಅನ್ನುವ ಸಾಲು ಬೈಲಾದಲ್ಲಿ ಇಲ್ಲದಿದ್ದರೆ ಯಾರೂ ಏನೂ ಮಾಡೋಕಾಗಲ್ಲ. ಎಷ್ಟೋ ಸಂಘಗಳ ಬೈಲಾ ಇನ್ನೊಂದು ಸಂಘದ ಬೈಲಾದ ಜೆರಾಕ್ಸ್. ಹೆಸರು, ವಿಳಾಸ ಬದಲಾಯಿಸಿ ಕೊಟ್ಟಿರುತ್ತಾರೆ. ನಮ್ಮದನ್ನು ನಾನು ಮೊದಲ ಸಲ ಪೂರ್ತಿ ಓದಿದ್ದು ಜಗಳ ಆದಮೇಲೆ. ಅದರಲ್ಲಿ ಒಂದು ಕಡೆ ‘ಸಂಘದ ಕುರಿಗಳ ವಿಮೆ’ ಅಂತಿತ್ತು.

ಕಾನೂನು ಏನು ಹೇಳುತ್ತದೆ? ಇಂಥ ಸಂಘಗಳು ನೋಂದಣಿಯಾಗುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಏಳು ಜನ ಸೇರಿದರೆ ಸಾಕು. ವರ್ಷಕ್ಕೊಂದು ಸರ್ವಸದಸ್ಯರ ಸಭೆ ಆಗಬೇಕು. ಆದ 14 ದಿನದೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಅದು ಸಹಕಾರ ಇಲಾಖೆಯ ಕಚೇರಿ. ಸದಸ್ಯರಲ್ಲಿ ಮೂರನೇ ಒಂದು ಭಾಗ ಸಹಿ ಹಾಕಿ ಕೇಳಿದರೆ 25ನೇ ಸೆಕ್ಷನ್ ಪ್ರಕಾರ ನೋಂದಣಾಧಿಕಾರಿ ಸಂಘದ ವ್ಯವಹಾರದ ವಿಚಾರಣೆ ಮಾಡಬಹುದು. ಆದರೆ ಯಾರು ಗೆದ್ದರು, ಯಾರ ಆಯ್ಕೆ ಸರಿ ಅನ್ನುವ ಪ್ರಶ್ನೆ ಗಟ್ಟಿಯಾದರೆ ಕೊನೆಗೆ ಸಿವಿಲ್ ಕೋರ್ಟೇ ಗತಿ. ಒಂದು ವರ್ಷದ ಅಧ್ಯಕ್ಷಗಿರಿಗೆ ಸಿವಿಲ್ ದಾವೆ! ತೀರ್ಪು ಬರುವಷ್ಟರಲ್ಲಿ ಇನ್ನೂ ಮೂವರು ಅಧ್ಯಕ್ಷರಾಗಿ ಇಳಿದಿರುತ್ತಾರೆ.

ನಿಜವಾದ ಪೆಟ್ಟು ಬೀಳುವುದು ಬ್ಯಾಂಕಿನಲ್ಲಿ. ಒಂದು ವರ್ಷ ನಮ್ಮಲ್ಲಿ ಎರಡು ಬಣ ಎರಡು ಸಭೆ ಮಾಡಿ ಎರಡು ಪಟ್ಟಿ ಕೊಟ್ಟವು. ಎರಡೂ ಅವಿರೋಧ ಅನ್ನುವುದು ಬೇರೆ ಮಾತು. ಖಾತೆ ಇದ್ದ ಬ್ಯಾಂಕಿನವರು ಎರಡೂ ಕಡೆಯ ಪತ್ರ ನೋಡಿ, "ನೀವೇ ಬಗೆಹರಿಸಿಕೊಂಡು ಬನ್ನಿ ಮೇಡಂ" ಅಂತ ವಹಿವಾಟು ನಿಲ್ಲಿಸಿದರು. ಅವರದ್ದೂ ತಪ್ಪಿಲ್ಲ. ಖಾತೆಯಲ್ಲಿ ದುಡ್ಡಿತ್ತು, ತೆಗೆಯೋ ಹಾಗಿಲ್ಲ. ಆನ್‌ಲೈನ್‌ನಲ್ಲಿ ನೋಡೋಣ ಅಂದರೆ ಓಟಿಪಿ ಹಳೆಯ ಅಧ್ಯಕ್ಷರ ಮೊಬೈಲಿಗೆ ಹೋಗುತ್ತದೆ. ಅವರು ಫೋನ್ ಎತ್ತುವುದಿಲ್ಲ. ಆದಾಯ ತೆರಿಗೆಯ ಲಾಗಿನ್ನೂ ಅದೇ ನಂಬರಿಗೆ. ಚಿಕ್ಕಪೇಟೆಯ ಅಂಗಡಿಯಲ್ಲಿ ನೋಟ್‌ಬುಕ್ ಕಟ್ಟುಗಳು ಬಿಲ್ ಆಗಿ, ಕಟ್ಟಿ, ಮೂಲೆಯಲ್ಲಿ ಕೂತಿದ್ದವು. ಜೂನ್‌ನಲ್ಲಿ ಶಾಲೆಗೆ ಕೊಡಬೇಕಾಗಿದ್ದು ಡಿಸೆಂಬರಿನಲ್ಲಿ ಕೊಟ್ಟೆವು. ಆ ಶಾಲೆಯ ಮೇಷ್ಟ್ರು ತುಂಬ ಮರ್ಯಾದೆಯ ಮನುಷ್ಯ, ಏನೂ ಅನ್ನಲಿಲ್ಲ. ಮಕ್ಕಳು ಮಾತ್ರ ಪುಸ್ತಕ ತಗೊಂಡು, ಇದನ್ನು ಯಾವ ವಿಷಯಕ್ಕೆ ಇಟ್ಟುಕೊಳ್ಳುವುದು ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡವು.

ಈ ವಿಷಯದಲ್ಲಿ ನಮಗಿಂತ ಹಳ್ಳಿಯ ಹೆಂಗಸರು ಮುಂದೆ ಇದ್ದಾರೆ ಅಂದರೆ ನಮ್ಮ ಸಂಘದಲ್ಲಿ ಕೆಲವರಿಗೆ ಕೋಪ ಬರುತ್ತದೆ. ಆದರೂ ಹೇಳುತ್ತೇನೆ. ಸ್ವಸಹಾಯ ಗುಂಪುಗಳ ಹುಟ್ಟಿನಲ್ಲೇ ನಾಯಕತ್ವದ ಜಗಳ ಇದೆ. 1980ರ ದಶಕದ ನಡುವಿನಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಮುಖಂಡರ ಮೇಲೆ ನಂಬಿಕೆ ಹೋಗಿ ಒಡೆದವು. ಒಬ್ಬನೇ ಎಲ್ಲ ನಡೆಸುವ ಸಂಘಕ್ಕೆ ಸಾಲ ಕಟ್ಟುವುದಿಲ್ಲ, ನಾವು ನಾವೇ ಸಣ್ಣ ಗುಂಪಾಗಿ ಕಟ್ಟುತ್ತೇವೆ ಅಂತ ಸದಸ್ಯರು ಹೇಳಿದರು. ಅಲ್ಲಿಂದ ಸಣ್ಣ ಗುಂಪುಗಳು ಬೆಳೆದವು. ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆಯೂ ಮೈರಾಡ ಕೆಲಸ ಮಾಡಿತ್ತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಶುರು ಮಾಡಿತು. 2000–01ರಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು.

ಸ್ತ್ರೀಶಕ್ತಿ ಗುಂಪಿನಲ್ಲಿ ಹತ್ತರಿಂದ ಇಪ್ಪತ್ತು ಜನ. ಅಧ್ಯಕ್ಷೆ ಅನ್ನುವ ಪದ ಅಲ್ಲಿ ಅಷ್ಟಾಗಿ ಕೇಳುವುದಿಲ್ಲ. ಒಂದನೇ ಪ್ರತಿನಿಧಿ, ಎರಡನೇ ಪ್ರತಿನಿಧಿ ಅನ್ನುತ್ತಾರೆ, ಕಾಲಕಾಲಕ್ಕೆ ಬದಲಾಗಬೇಕು. ವಾರ ವಾರ ಸಭೆ. ಯಾರು ಎಷ್ಟು ಕಟ್ಟಿದರು, ಯಾರದ್ದು ಎಷ್ಟು ಬಾಕಿ, ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಗುಬ್ಬಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಕೂತು ನೋಡಿದ ಸಭೆಯಲ್ಲಿ ಓದೋಕೆ ಬಾರದ ಅಜ್ಜಿಯೊಬ್ಬರು ಬೆರಳು ಮಡಿಸುತ್ತಾ ಕೇಳುತ್ತಿದ್ದರು. ಇದ್ದಕ್ಕಿದ್ದಂತೆ, "ಏಯ್, ನನ್ದು ಹೋದ್ವಾರದ್ದು ಬಿಟ್ಟೆ ಕಣಮ್ಮ" ಅಂದರು. ಪುಸ್ತಕ ಬರೆಯುವ ಹುಡುಗಿ ನೋಡಿದಳು. ಬಿಟ್ಟಿತ್ತು. ಅಲ್ಲೇ ಬರೆದಳು. ನಮ್ಮ ಸಂಘದಲ್ಲಿ ಡಿಗ್ರಿ ಮಾಡಿದವರು ನಲವತ್ತು ಜನ ಇದ್ದೇವೆ. ರಸೀದಿ ಪುಸ್ತಕ ಯಾರೂ ನೋಡಿರಲಿಲ್ಲ.

ಅಲ್ಲೂ ಎಲ್ಲ ಸರಿ ಇದೆ ಅಂತಲ್ಲ. ಓದು ಬರಹ ಬರುವ ಒಬ್ಬಳೇ ಹತ್ತು ವರ್ಷ ಪ್ರತಿನಿಧಿಯಾಗಿ ಕೂತಿರುವ ಗುಂಪುಗಳೂ ಇವೆ. ಆದರೆ ದುಡ್ಡು ಅವರವರದ್ದೇ ಆಗಿರುವುದರಿಂದ ಕಣ್ಣು ಪುಸ್ತಕದ ಮೇಲೇ ಇರುತ್ತದೆ. ನಮ್ಮ ಸಂಘಗಳ ದುಡ್ಡು ದಾನಿಗಳದ್ದು. ಯಾರಿಗೂ ತನ್ನದು ಅನಿಸುವುದಿಲ್ಲ, ಕುರ್ಚಿ ಮಾತ್ರ ತನ್ನದು ಅನಿಸುತ್ತದೆ.

ದೊಡ್ಡ ಕ್ಲಬ್ಬುಗಳು ಇದಕ್ಕೆ ಬೇರೆ ದಾರಿ ಹುಡುಕಿಕೊಂಡಿವೆ. ರೋಟರಿಯಲ್ಲಿ ಅಧ್ಯಕ್ಷರಾಗುವವರನ್ನು ಅಧಿಕಾರ ಹಿಡಿಯುವ ಒಂದೂವರೆ ವರ್ಷಕ್ಕೂ ಮುಂಚೆಯೇ ಆರಿಸುತ್ತಾರೆ. ಅವಧಿ ಒಂದೇ ವರ್ಷ, ಜುಲೈ 1ರಿಂದ ಜೂನ್ 30. ಮುಂದೆ ಯಾರು, ಅವರ ಮುಂದೆ ಯಾರು ಅಂತ ಎಲ್ಲರಿಗೂ ಗೊತ್ತಿರುವುದರಿಂದ ಮೇ ತಿಂಗಳ ಫೋನು ಕಡಿಮೆ. ಇದರ ತೊಂದರೆ ಏನೆಂದರೆ, ಏಣಿಯ ಮೊದಲ ಮೆಟ್ಟಿಲು ಹತ್ತಿದವರನ್ನು ಆಮೇಲೆ ಇಳಿಸುವುದು ಕಷ್ಟ. ಹಾಗಾಗಿ ಜಗಳ ಮೊದಲ ಮೆಟ್ಟಿಲಿಗೇ ಹೋಗುತ್ತದೆ. ಆದರೂ ಬಾಯಿಮಾತಿನ ‘ಮುಂದಿನ ವರ್ಷ ನಿಮ್ದೇ’ಗಿಂತ ಕಾಗದದ ಮೇಲಿನ ‘ಮುಂದಿನ ವರ್ಷ ನಿಮ್ದೇ’ ವಾಸಿ.

ಕೈ ಎತ್ತುವ ಪದ್ಧತಿಯ ಬಗ್ಗೆ ಒಂದು ಮಾತು. ಅಧ್ಯಕ್ಷ ಸ್ಥಾನಕ್ಕೆ ನಿಂತವರು ನಿಮ್ಮ ಮಗನಿಗೆ ಪಾಠ ಹೇಳಿದ ಟೀಚರ್. ಇನ್ನೊಬ್ಬರು ನಿಮ್ಮ ನಾದಿನಿಯ ಬೀಗರು. ಇಬ್ಬರೂ ನಿಮ್ಮನ್ನೇ ನೋಡುತ್ತಿದ್ದಾರೆ. ಕೈ ಎತ್ತಿ ಅಂದರೆ ಯಾರಿಗೆ ಎತ್ತುತ್ತೀರಿ? ಹೆಚ್ಚಿನವರು ಆ ಹೊತ್ತಿಗೆ ಸರಿಯಾಗಿ ನೀರು ಕುಡಿಯೋಕೆ ಎದ್ದು ಹೋಗುತ್ತಾರೆ. ಚೀಟಿ ಕೊಟ್ಟರೆ ಕೂತು ಬರೆಯುತ್ತಾರೆ. ಇಷ್ಟು ಸಣ್ಣ ವಿಷಯ. ಆದರೂ ಚೀಟಿ ಅಂದ ತಕ್ಷಣ ಹಿರಿಯರು, "ಅಯ್ಯೋ, ನಮ್ಮನಮ್ಮಲ್ಲೇ ಚುನಾವಣೆನಾ? ಜನ ಏನಂತಾರೆ?" ಅನ್ನುತ್ತಾರೆ. ಜನ ಏನೂ ಅನ್ನುವುದಿಲ್ಲ. ಜನಕ್ಕೆ ಅಷ್ಟು ಪುರುಸೊತ್ತಿಲ್ಲ.

ನೋಟ್‌ಬುಕ್ ಗಲಾಟೆ ಆದಮೇಲೆ ನಮ್ಮಲ್ಲಿ ಬೈಲಾ ತಿದ್ದಿದರು. ತಿದ್ದಿಸಿದವರು ಒಬ್ಬ ನಿವೃತ್ತ ಶಿರಸ್ತೇದಾರರು, ಸದಸ್ಯೆಯೊಬ್ಬರ ತಂದೆ. ಸಂಘದ ಹೆಸರಿನಲ್ಲೇ ಒಂದು ಸಿಮ್ ತೆಗೆದುಕೊಂಡೆವು, ಅದು ಯಾರು ಕಾರ್ಯದರ್ಶಿಯೋ ಅವರ ಹತ್ತಿರ. ಶುಲ್ಕ ನೇರವಾಗಿ ಸಂಘದ ಖಾತೆಗೇ ಹಾಕಬಹುದು, ಯಾರ ಮನೆ ಮೆಟ್ಟಿಲೂ ಹತ್ತಬೇಕಿಲ್ಲ. ಸಭೆಗೆ ಮೂರು ತಿಂಗಳು ಇರುವಾಗ ಸೇರಿದವರಿಗೆ ಆ ವರ್ಷ ಮತ ಇಲ್ಲ. ಮಾಜಿ ಅಧ್ಯಕ್ಷರ ಕಾಫಿಯನ್ನು ಮಾತ್ರ ಯಾವ ಬೈಲಾದಿಂದಲೂ ನಿಲ್ಲಿಸೋಕಾಗಲಿಲ್ಲ. ನಿಲ್ಲಬೇಕು ಅನ್ನುವುದೇ ನನ್ನ ಆಸೆ. ನಾನೂ ಈಗ ಮಾಜಿ ಪದಾಧಿಕಾರಿ ಅಂತ ನನ್ನನ್ನೂ ಆ ಕಾಫಿಗೆ ಕರೆಯೋಕೆ ಶುರು ಮಾಡಿದ್ದಾರೆ, ಚಕ್ಕುಲಿ ಚೆನ್ನಾಗಿರುತ್ತದೆ, ಅದು ಬೇರೆ ವಿಷಯ.

ಈ ಸಲ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ಅರ್ಜಿ ಹಾಕಿದ್ದಾರೆ. ಫೋಟೊದಲ್ಲಿ ಸಂದಿ ಬಿಟ್ಟು ನಿಂತಿದ್ದ ಅದೇ ಇಬ್ಬರು. ಕಾಫಿ ಆಯಿತು, ಇಬ್ಬರಲ್ಲಿ ಯಾರೂ ಹಿಂದೆ ಸರಿಯಲಿಲ್ಲ. ಭಾನುವಾರ ಹನ್ನೊಂದು ಗಂಟೆಗೆ ಚೀಟಿ. ಮತದಾರರ ಪಟ್ಟಿಯನ್ನು ಸಂಘದ ಕೋಣೆಯ ಬಾಗಿಲಿಗೆ ಅಂಟಿಸಿದ್ದಾರೆ, ಒಟ್ಟು 61 ಹೆಸರು. ಮೊನ್ನೆ ಸಂಜೆ ನೋಡೋಕೆ ಹೋದಾಗ ಅವರಿಬ್ಬರೂ ಅಲ್ಲೇ ಇದ್ದರು. ಒಬ್ಬರು ಕನ್ನಡಕ ಮರೆತು ಬಂದಿದ್ದರು. ಇನ್ನೊಬ್ಬರು ಪಟ್ಟಿಯ ಮೇಲೆ ಬೆರಳಿಟ್ಟು ಹೆಸರುಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು.